ವಿಮಾನ ದಾಟಿದ ಮೇಲೆ

ವಿಮಾನ ನಿಲ್ದಾಣದ ಬಳಿಯ ಖರಾಡಿಯಲ್ಲಿ ನಮ್ಮ ಮನೆಯ ಮೇಲೆ ವಿಮಾನ ಹೋಗುವಾಗ ನನ್ನ ಯಜಮಾನರು ಮಾತು ನಿಲ್ಲಿಸಿ ಅಂಗೈ ಎತ್ತುತ್ತಿದ್ದರು. ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ವಿಮಾನ ದಾಟಿದಾಗಲೆಲ್ಲ ನನ್ನ ಕಿವಿ ಅವರ ಕುರ್ಚಿಯ ಕಡೆಗೇ ಹೋಗುತ್ತದೆ.

ಮೊನ್ನೆ ಮಧ್ಯಾಹ್ನ ವಿಮಾನದ ಸದ್ದಿನ ಬಗ್ಗೆ ಮನೆಮನೆಯಲ್ಲೂ ಕೇಳುತ್ತಾ ಸಮೀಕ್ಷೆಯ ಹುಡುಗಿಯೊಬ್ಬಳು ಬಂದಳು. ನನ್ನ ಮರಾಠಿಯಲ್ಲಿ ಕನ್ನಡದ ಧಾಟಿ ಕೇಳಿದ್ದೇ ಗುರುತು ಹಿಡಿದು, "ಕಾಕೂ, ನೀವೂ ನಮ್ಮ ಬಾಗಲಕೋಟಿ ಕಡೆಯವ್ರೇ ಬಿಡ್ರಿ!" ಎಂದು ನಕ್ಕಳು. ಆಮೇಲೆ ಮೊಬೈಲ್ ನೋಡಿಕೊಂಡು ಕೇಳಿದಳು.

"ಹೋದ ಒಂದ್ ವರ್ಷದಾಗ ಈ ಸಪ್ಪಳದಿಂದ ಎಷ್ಟು ಕಿರಿಕಿರಿ ಆಗೇದ್ರಿ? ಸೊನ್ನಿ ಅಂದ್ರ ಏನೂ ಇಲ್ಲ, ಹತ್ತಂದ್ರ ಭಾಳ."

"ನಮ್ಮನಿಯವ್ರಿಗೆ ಹತ್ತು."

"ಅವ್ರು ಎಲ್ಲೆ ಅದಾರ್ರಿ?"

ಅಷ್ಟರಲ್ಲಿ ವಿಮಾನ ಬಂತು. ನನ್ನ ಅಂಗೈ ತಾನಾಗಿಯೇ ಮೇಲೆದ್ದಿತು. ಹುಡುಗಿ ಮೊಬೈಲಿನಿಂದ ತಲೆಯೆತ್ತಿ ನನ್ನ ಕೈ ನೋಡಿದಳು. ಸದ್ದು ದೂರವಾದ ಮೇಲೂ ನಾನು ಖಾಲಿ ಕುರ್ಚಿಯನ್ನೇ ನೋಡುತ್ತಾ ಕಾದೆ. ಅವಳಿಗೆ ತಿಳಿದಿರಬೇಕು.

"ಮತ್ತ... ನಿಮಗ ಎಷ್ಟ್ರಿ, ಕಾಕೂ?" ಎಂದಳು, ಮೆಲ್ಲಗೆ.

"ಸಪ್ಪಳಕ್ಕ ಸೊನ್ನಿ ಹಾಕೊ, ತಂಗಿ. ಅದು ನಿಂತ ಮ್ಯಾಲೆ ತ್ರಾಸ ಆಗ್ತದ."

ಅವಳು ಏನನ್ನೂ ಒತ್ತದೆ ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡಳು. ಮುಂದಿನ ವಿಮಾನ ಬರುವವರೆಗೂ ನನ್ನ ಜೊತೆಯಲ್ಲೇ ಕೂತಿದ್ದಳು.