ಕಣದಲ್ಲಿ ಹೂಡಿದ ಆಂಡ್ರೊಮಿಡಾ

ನನ್ನ ತಂಗಿ ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದಾಗ ಕೇಳದವರಿಗೂ ನಾನು ಇದನ್ನು ಹೇಳುತ್ತೇನೆ. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಮ್ಮೂರು ಅಗಡಿಯಲ್ಲಿ ಹೊಲ ನೋಡಿಕೊಂಡವನು.

ಕಳೆದ ಸುಗ್ಗಿಯಲ್ಲಿ ಅವಳು ತನ್ನ ಶಾಲೆಯ ಮಕ್ಕಳಿಗೆ ಮೆಣಸಿನಕಾಯಿ ಒಣಹಾಕುವ ನಮ್ಮ ಕಣದಲ್ಲೇ ಗೆಲಾಕ್ಸಿ ಪಾಠ ಮಾಡುವುದೆಂದು ನಿಶ್ಚಯಿಸಿ, ಹಿಂದಿನ ದಿನವೇ ಬಂದಳು. ಬಣ್ಣ ಹೋದ ಬಿಳಿ ಕಾಯಿಗಳನ್ನು ನಡುವೆ ಗುಡ್ಡೆ ಹಾಕಿ, ಸುತ್ತ ಕೆಂಪು ಕಾಯಿಗಳನ್ನು ಸುರುಳಿಯಾಗಿ ಜೋಡಿಸಿದಳು.

“ಏನ್ರೀ ಅಕ್ಕೋರ, ಖಾರದ ರಂಗೋಲಿ ಹಾಕಾಕತ್ತೀರೇನ?” ಎಂದಳು ಕೆಲಸಕ್ಕೆ ಬಂದಿದ್ದ ಮುದುಕಿ.

“ಹೂಂ ಯವ್ವಾ, ಇದರಾಗ ನಿಮ್ಮನೀನೂ ಐತಿ. ತುಳೀಬ್ಯಾಡ.”

ದೊಡ್ಡ ಸುರುಳಿ ಆಂಡ್ರೊಮಿಡಾ ಎಂಬ ಗೆಲಾಕ್ಸಿ. ಎದುರಿಗೆ ಅದಕ್ಕಿಂತ ತುಸು ಚಿಕ್ಕದು ನಮ್ಮ ಆಕಾಶಗಂಗೆ. ಆಂಡ್ರೊಮಿಡಾದ ಮಗ್ಗುಲಿಗೆ ಇನ್ನೂ ಚಿಕ್ಕ ಮೂರನೆಯದು. ಅವುಗಳ ಸುತ್ತ ಚಿಟಿಕೆ ಚಿಟಿಕೆ ಬೀಜ ಉದುರಿಸಿ, “ಇವು ಸಣ್ಣ ಗೆಲಾಕ್ಸಿ. ಎಲ್ಲಾ ಒಂದ ಓಣಿಯವು” ಎಂದಳು. ಹೊರಡುವಾಗ, “ಅಣ್ಣಾ, ಕೂಡಿಸಬ್ಯಾಡ. ಹಂಗ ಮ್ಯಾಲ ತಾಡಪತ್ರಿ ಹಾಕು” ಎಂದು ಹೇಳಿ ಬಸ್ಸಿಗೆ ಹೋದಳು.

ಮುದುಕಿ ನಕ್ಕಳು: “ತಂಗಿ ಆಕಾಶ ಅಳದ್ಲು, ಅಣ್ಣ ತಾಡಪತ್ರಿ ಹೊಚ್ಚಬೇಕು.”

ಇಬ್ಬನಿ ಬೀಳುವ ಮುಂಚೆ ಕಾಯಿ ಕೂಡಿಸಿ ರಾಶಿ ಮಾಡುವುದು ನಮ್ಮ ರೂಢಿ. ಮರದ ಹಲಗೆ ತೆಗೆದುಕೊಂಡು ಎಲ್ಲವನ್ನೂ ನೂಕಿದೆ. ಓಣಿಯೇ ಒಂದು ರಾಶಿಯಾಯಿತು.

ಬೆಳಿಗ್ಗೆ ತಂಗಿ ಬಂದು ರಾಶಿ ನೋಡಿದಳು. ಮಕ್ಕಳು ಹಾವೇರಿ ದಾಟಿ ಬರುತ್ತಿದ್ದರು.

“ಇರಲಿ ಬಿಡಣ್ಣ. ರೂಢಿ ಬಿದ್ದ ಕೈ.”

ನಾನು ಹೌದೆಂಬಂತೆ ತಲೆಯಾಡಿಸಿದೆ. ಅವಳು ಒಬ್ಬಳೇ ಕುಕ್ಕರುಗಾಲಲ್ಲಿ ಕುಳಿತು ಮತ್ತೆ ಬಿಳಿ ಕಾಯಿ ಆರಿಸತೊಡಗಿದಳು. ಅದನ್ನು ನೋಡಲಾಗಲಿಲ್ಲ.

“ರೂಢಿಯಿಂದಲ್ಲ ತಂಗಿ. ಬೇಕಂತ ಕೂಡಿಸಿದ್ನಿ.”

“ಯಾಕ?”

“ನನ್ನ ಕಣದಾಗ ನನಗ ತಿಳೀಲಾರದ್ದು ಹೂಡಿದಿ ಅಂತ ಹೊಟ್ಟಿ ಉರೀತು.”

“ಬ್ಯಾಡಗಿ ತುಂಬ ನನ್ನ ಹೊಗಳಕೋತ ತಿರಗ್ತಿ.”

“ಅದೂ ಖರೇ. ಇದೂ ಖರೇ.”

ಅವಳು ಕೈಯಲ್ಲಿದ್ದ ಬಿಳಿ ಕಾಯಿಗಳನ್ನು ಗುಡ್ಡೆಗೆ ಹಾಕಿದಳು. ಆಮೇಲೆ ಒಂದು ಬುಟ್ಟಿಯನ್ನು ನನ್ನ ಕಡೆ ನೂಕಿದಳು.

“ನಮ್ಮದು ನಾ ಮಾಡ್ತೀನಿ. ದೊಡ್ಡದು ನೀ ಮಾಡು. ಲಗೂ ಮಾಡು.”

ಮಕ್ಕಳು ಬಂದಾಗ ಆಂಡ್ರೊಮಿಡಾದ ಒಂದು ಸುತ್ತು ಜೋಡಿಸುವುದು ಇನ್ನೂ ಉಳಿದಿತ್ತು. ಅವಳು ನನಗಾಗಿ ಕಾಯದೆ ಪಾಠ ಶುರು ಮಾಡಿದಳು. ಎಂಥ ಚಂದ ಕಲಿಸುತ್ತಾಳೆ ನನ್ನ ತಂಗಿ. ಅಷ್ಟು ದಿನ ಬರೀ ಹೇಳಿಕೊಂಡು ತಿರುಗಿದ್ದೆ. ಅಂದು ಮಕ್ಕಳ ನಡುವೆ ಮೊಣಕಾಲೂರಿ ಒಂದೊಂದೇ ಕಾಯಿ ಇಡುತ್ತ, ಪೂರಾ ಪಾಠ ಕೇಳಿದೆ.