ಬಿದ್ದವನ ಹೆಸರು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಮಂಗಳವಾರವೋ ಬುಧವಾರವೋ, ಬಸುವಿನ ಫೋನು ಬರದೆ ಎಂಟು ದಿನವಾಗಿತ್ತೋ ಒಂಬತ್ತೋ — ಖಾತ್ರಿಯಿಲ್ಲ. ಆದರೆ ನಾನು ಮೌಶಿಗೆ ಸುಳ್ಳು ಹೇಳಿದೆ ಎಂಬುದರಲ್ಲಿ ಅನುಮಾನವಿಲ್ಲ. ಎರಡೇ ಶಬ್ದದ ಸುಳ್ಳು.

ಮೌಶಿ ನನ್ನ ಅವ್ವನ ತಂಗಿ, ಅಲಖನೂರಿನವಳು. ಬಸು ಅವಳ ಒಬ್ಬನೇ ಮಗ, ಸೈನ್ಯದಲ್ಲಿದ್ದಾನೆ. ಗಡಿಯಲ್ಲಿ ಗುಂಡಿನ ಸುದ್ದಿ ಬರುತ್ತಿದ್ದ ದಿನಗಳವು. ಅವಳು ಚಿಕ್ಕೋಡಿಯ ನಮ್ಮ ಮನೆಗೆ ಬಂದಾಗ ನಾನು ಕಾಲೇಜಿನ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಯಾರೋ ಕಳಿಸಿದ ವಿಡಿಯೋ ತೆರೆದು ಫೋನನ್ನು ಪತ್ರಿಕೆಗಳ ಮೇಲೆಯೇ ಇಟ್ಟಳು. ಒಡೆದ ಗೋಡೆ, ಹೊಗೆ, ಇಬ್ಬರು ಸೈನಿಕರು. ಇಬ್ಬರೂ ಬೀಳುತ್ತಾರೆ. ಒಬ್ಬ ಎದ್ದು ಓಡುತ್ತಾನೆ. ಇನ್ನೊಬ್ಬ ಏಳುವುದಿಲ್ಲ.

"ಎದ್ದ ಓಡಾಕತ್ತಾನಲ್ಲ, ನಮ್ಮ ಬಸು ಹೌದಲ್ಲ ಬೇ? ನಡಿಗಿ ನೋಡ."

ನಾನು ಬಗ್ಗಿ ನೋಡಿದೆ.

"ಎಷ್ಟ ಓದಿದ್ರೇನ, ಚಾಳೀಸ ಇಲ್ಲದ ತಮ್ಮ ಸೈತ ಕಾಣಂಗಿಲ್ಲ ನಿನಗ," ಎಂದು ಕನ್ನಡಕವನ್ನು ತಾನೇ ನನ್ನ ಮೂಗಿನ ಮೇಲೆ ಏರಿಸಿದಳು.

ಕನ್ನಡಕ ಬೇಕಿರಲಿಲ್ಲ. ಅದು ಯುದ್ಧವಲ್ಲ, ಕಂಪ್ಯೂಟರಿನ ಆಟ. ನಾನೂ ಬಸುವೂ ಅದರ ಜೊತೆಗೇ ಬೆಳೆದವರು. ಅಪ್ಪ ಉಗಾರ ಖುರ್ದದ ಕಾರ್ಖಾನೆಯಲ್ಲಿದ್ದಾಗ ನಮ್ಮ ಕ್ವಾರ್ಟರ್ಸಿಗೆ ಒಂದು ಕಂಪ್ಯೂಟರ್ ಬಂದಿತ್ತು. ಶಾಲೆಯ ಸೂಟಿಗೆ ಬಂದ ಬಸು ಕೊಲ್ಲಾಪುರದಿಂದ ಯಾರೋ ತಂದ ಸಿ.ಡಿ. ಹಾಕಿದ. ಮೊದಲ ಆಟದಲ್ಲಿ ಗಿಡಗಳು ರಟ್ಟಿನಿಂದ ಕತ್ತರಿಸಿದಂತಿದ್ದವು. ಅರ್ಧ ತಾಸು ಬಯಲಲ್ಲಿ ನಡೆಯಬೇಕು. ಎಲ್ಲಿಂದಲೋ ಒಂದು ಗುಂಡು — ಮುಗಿಯಿತು. ನನಗೆ ಬೇಸರ ಬರುತ್ತಿತ್ತು. ಅವನಿಗೆ ಅದೇ ಹುಚ್ಚು. "ಅಕ್ಕಾ, ಓಡಿದ್ರ ಉಸುರು ಹತ್ತತೈತಿ ನೋಡ, ಬಂದೂಕ ನಡಗತೈತಿ. ಖರೇನ ಹಿಂಗ ಇರತೈತಿ," ಎನ್ನುತ್ತಿದ್ದ. ಆಗ ಅವನಿಗೆ ಖರೆಯೆಂದರೇನು ಗೊತ್ತಿತ್ತು? ನನಗೂ ಗೊತ್ತಿರಲಿಲ್ಲ. ಕೆಲವು ವರ್ಷಕ್ಕೆ ಬಂದ ಅದರ ಮುಂದಿನ ಆಟದಲ್ಲಿ ಹುಲ್ಲು ಬೆಳೆಯಿತು. ಗಾಯಗೊಂಡ ಜೊತೆಗಾರನನ್ನು ಎಳೆದು ತರಬಹುದಾಯಿತು. ಅದರ ಮುಂದಿನದರಲ್ಲಿ ಬಿಸಿಲು, ಸಮುದ್ರ, ಬೆವರಿದ ಮುಖ. ಒಂದೊಂದು ಆಟಕ್ಕೂ ಸುಳ್ಳು ಖರೆಯ ಸಮೀಪ ಬರುತ್ತ ಹೋಯಿತು — ಜನ ಅದರ ತುಣುಕುಗಳನ್ನೇ ಯುದ್ಧವೆಂದು ಒಬ್ಬರಿಗೊಬ್ಬರು ಕಳಿಸುವಷ್ಟು. ಆದರೆ ಬೀಳುವ ರೀತಿ ಬದಲಾಗಲಿಲ್ಲ. ಮೊದಲು ಮೊಣಕಾಲು ಮಡಚಿ, ಆಮೇಲೆ ಎಡಕ್ಕೆ. ಸಾವಿರ ಸಲ ನೋಡಿದ್ದೆ. ಈ ವಿಡಿಯೋದಲ್ಲೂ ಹಾಗೆಯೇ ಬಿದ್ದ. ಬಿದ್ದವನ ಕೈ, ಆಟದಲ್ಲಷ್ಟೇ ಆಗುವಂತೆ, ಒಡೆಯದ ಗೋಡೆಯೊಳಗೆ ಅರ್ಧ ಹೂತಿತ್ತು.

"ಹೌದ, ಮೌಶಿ," ಎಂದೆ.

ಕರುಣೆಯಿಂದ ಹೇಳಿದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆ ವಾರದ ದಿನಚರಿ ತೆಗೆದು ನೋಡಿದರೆ ಇಷ್ಟೇ ಇದೆ: "ಮೌಶಿ ಬಂದಿದ್ದಳು. ಪತ್ರಿಕೆ ಇನ್ನೂ ಉಳಿದಿವೆ." ಕರುಣೆಯ ಮಾತೇ ಇಲ್ಲ. ಬಹುಶಃ ದಣಿದಿದ್ದೆ, ಅವಳು ಬೇಗ ಹೋಗಲಿ ಎನಿಸಿತ್ತು — ಬಹುಶಃ.

ಎರಡು ದಿನಕ್ಕೆ ಬಸು ಫೋನು ಮಾಡಿದ, ಚೆನ್ನಾಗಿದ್ದ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಮೌಶಿಗೆ ಬಿದ್ದವನು ಹತ್ತಿಕೊಂಡಿದ್ದ.

"ಆ ಇನ್ನೊಬ್ಬಾಂವ ಯಾರ ಮಗಾನೋ. ನನ್ನಾಂವ ಎದ್ದ ಬಂದ, ಆಕಿ ಮಗ ಏಳಲಿಲ್ಲ. ಆಕೀನ ಮಾತಾಡ್ಸಿ ಬರಬೇಕ, ಸುಮಿ. ಫೋನಿನ್ಯಾಗ ಕೇಳೂ ಮಾತಲ್ಲ, ಬಸ್ಯಾ ಬಂದ ಮ್ಯಾಲ ಕೇಳತೇನಿ."

ಸಾವಾದ ಮನೆಗೆ ಹೋಗಿ ಮಾತಾಡಿಸಿ ಬರದಿದ್ದರೆ ನಮ್ಮಲ್ಲಿ ಮನುಷ್ಯರೆನ್ನುವುದಿಲ್ಲ. ಒಲೆ ಹಚ್ಚದ ಮನೆಯವರಿಗೆ ರೊಟ್ಟಿಯ ಬುತ್ತಿ ಒಯ್ಯುತ್ತಾರೆ. ಮೌಶಿ ಬುತ್ತಿ ಕಟ್ಟಲು ಹೊಸ ಬಟ್ಟೆ ತೆಗೆದಿಟ್ಟಳು. ಅಮಾಸಿಗೆ ಹಿರಿಯರ ಎಡೆಯ ಪಕ್ಕ ಒಂದು ಎಡೆ ಹೆಚ್ಚಿಗೆ ಇಡತೊಡಗಿದಳು — ಎಂದೂ ಹುಟ್ಟದೆ ಇದ್ದವನಿಗೆ. ನಾನು ಎದುರಿಗೇ ಕೂತು ನೋಡಿದೆ. ಆಗಲೂ ಹೇಳಲಿಲ್ಲ.

ಬಸು ರಜೆಗೆ ಬಂದಾಗ ನಾನೂ ಅಲಖನೂರಿಗೆ ಹೋಗಿದ್ದೆ. ಮಧ್ಯಾಹ್ನದ ಊಟ. ಮೌಶಿ ಅವನ ತಾಟಿನ ಪಕ್ಕ ಫೋನು ಇಟ್ಟಳು. "ಸುಮೀನ ಗುರ್ತ ಹಿಡದಾಳ ನಿನ್ನ," ಎಂದಳು, ಹೆಮ್ಮೆಯಿಂದ. ಅವನು ಕೊನೆಯವರೆಗೆ ನೋಡಿದ. ನನ್ನ ಕಡೆ ಒಂದು ಸಲ ನೋಡಿದ. ಅದು ಆಟವೆಂದು ಗುರುತಿಸಲು ಅವನಿಗೆ ಒಂದು ಕ್ಷಣ ಸಾಕಿತ್ತು; ನಗುತ್ತಾನೆ, "ಯವ್ವಾ, ಇದು ಆಟ" ಎನ್ನುತ್ತಾನೆ, ನನ್ನ ಮಾನ ಹೋಗುತ್ತದೆ — ಹೋಗಲಿ ಎಂದು ಕಾದೆ.

"ಬಿದ್ದಾಂವ ಯಾರೋ, ಬಸ್ಯಾ?"

ಅವನು ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

"ಸಂತೋಷ," ಎಂದ.

"ಯಾ ಊರಾಂವ?"

"ದೂರ ಐತಿ ಯವ್ವಾ. ಮಹಾರಾಷ್ಟ್ರದಾಗ."

"ಅವರವ್ವ ಅದಾಳ?"

"ಅದಾಳ."

ತಾಟಿನಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು. ಎದ್ದು ಕೈ ತೊಳೆಯಲು ಹೋದ; ಬಹಳ ಹೊತ್ತು ತೊಳೆದ.

ನನ್ನ ಸುಳ್ಳನ್ನು ಕಾಪಾಡಲು ಬಾಯಿಗೆ ಬಂದ ಹೆಸರೇ ಅದು? ಹಾಗಿದ್ದರೆ ಊಟ ಯಾಕೆ ಬಿಟ್ಟ? ಅಥವಾ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಹೆಸರೊಂದನ್ನು ನನ್ನ ಸುಳ್ಳು ಅವನ ಬಾಯಿಂದ ಕಿತ್ತಿತೇ? ಅವನು ನಿಜವಾಗಿ ಹಾಗೆ ಹೇಳಿದನೋ, ಇಷ್ಟು ಸಲ ನೆನೆದು ಅವನು ಕೈ ತೊಳೆದ ಹೊತ್ತನ್ನು ನಾನೇ ಉದ್ದ ಮಾಡಿದ್ದೇನೋ, ಅದೂ ತಿಳಿಯದು.

ಮೌಶಿ ಈಗಲೂ ಫೋನು ಮಾಡಿದಾಗಲೆಲ್ಲ ಕೇಳುತ್ತಾಳೆ: ಸಂತೋಷನ ಅವ್ವನ ಕಡೆ ಎಂದು ಹೋಗೋದು? ಅವಳಿಗೆ ನಿಜ ಹೇಳಬೇಕು, ನಾನೇ ಹೇಳಬೇಕು. ಆದರೆ ಹೇಳುವ ನಿಜ ಯಾವುದೆಂದು ಈಗ ನನಗೇ ಗೊತ್ತಿಲ್ಲ. ಸಂತೋಷನ ಮನೆ ಖರೇನೇ ಇದ್ದು, ನಾನು ಬಾಯಿ ಬಿಟ್ಟು, ಬುತ್ತಿಯ ಬಟ್ಟೆ ಮತ್ತೆ ಪೆಟ್ಟಿಗೆಗೆ ಹೋದರೆ?

ಬಸುವಿನ ಆ ರಜೆ ಮುಗಿದ ದಿನ ಚಿಕ್ಕೋಡಿ ಬಸ್‌ ನಿಲ್ದಾಣದಲ್ಲಿ ಅವನನ್ನು ಕೊಲ್ಲಾಪುರದ ಬಸ್ಸಿಗೆ ಹತ್ತಿಸಿದೆ. ಅವನು ಟ್ರಂಕು ಒಳಗೆ ಸರಿಸಿ ಕಿಟಕಿಯ ಬಳಿ ಕೂತ. ನಾನು ಕೆಳಗೆ ನಿಂತು, ಕಿಟಕಿಯ ಸರಳು ಹಿಡಿದು ಕೇಳಿದೆ:

"ಬಸೂ, ಸಂತೋಷ ಅನ್ನಾಂವ ಇದ್ದನೇನೋ?"