ಓದುವವಳ ಹಿಡಿ

ನಾನು ಚಿಕ್ಕವಳಿದ್ದಾಗ ನಮ್ಮ ಜಗಲಿಯ ಮೇಲೆ ಮಸಿ ಮೆತ್ತದ ಕೈ ಅಂತ ಇದ್ದದ್ದು ನನ್ನವೆರಡೇ. ಉಳಿದವರ ಕೈಗಳೆಲ್ಲ ಮೊಣಕೈವರೆಗೆ ಕಪ್ಪು. ನಿಮ್ಮ ಈ ಅಜ್ಜಿಗೆ ಇನ್ನೂ ತಲೆ ಪೂರ್ತಿ ನರೆತಿಲ್ಲ, ಆಗಲೇ ಹಳೇ ಕಾಲದ ಕಥೆಯಾ ಅಂತ ಕೇಳಬೇಡಿ. ಬೇಗ ಮದುವೆಯಾದವಳು ಬೇಗ ಅಜ್ಜಿಯಾಗುತ್ತಾಳೆ. ಬೀದಿಗೆ ಎರಡು ಟಿವಿ, ಮೂಲೆಗೊಂದು ಎಸ್‌ಟಿಡಿ ಬೂತ್ ಇದ್ದ ಕಾಲ ಅದು. ಆಗ ಲೈಬ್ರರಿಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ಅಶೋಕಪುರಂನ ನಮ್ಮ ಬೀದಿಯಲ್ಲಿ ಮಧ್ಯಾಹ್ನದ ಊಟ ಮುಗಿಯಿತು ಅಂದರೆ ಊದುಬತ್ತಿ ಹೊಸೆಯುವ ಕೆಲಸ. ನಮ್ಮ ಜಗಲಿಯ ಮೇಲೆ ಏಳೆಂಟು ಮಂದಿ ಸೇರುತ್ತಿದ್ದರು. ಒಬ್ಬೊಬ್ಬರ ಮುಂದೂ ಒಂದು ಮರದ ಮಣೆ. ಇದ್ದಿಲ ಪುಡಿ, ಅಂಟಿನ ಪುಡಿ, ನೀರು ಸೇರಿಸಿ ನಾದಿದ ಕಪ್ಪು ಹಿಟ್ಟು. ಅದರಲ್ಲಿ ಗೋಲಿಯಷ್ಟು ಕಿತ್ತು, ಬಿದಿರಿನ ಕಡ್ಡಿಗೆ ಒತ್ತಿ, ಮಣೆಯ ಮೇಲೆ ಅಂಗೈಯಿಂದ ಸರ್ರನೆ ಉಜ್ಜಿದರೆ ಒಂದು ಬತ್ತಿ. ಘಮಘಮ ಅಂತಿತ್ತು ಅಂದುಕೊಳ್ಳಬೇಡಿ. ಸೆಂಟು ಹಾಕುತ್ತಿದ್ದದ್ದು ಕಾರ್ಖಾನೆಯಲ್ಲಿ. ನಮ್ಮ ಜಗಲಿಯಲ್ಲಿ ಬರೀ ಒದ್ದೆ ಇದ್ದಿಲಿನ ವಾಸನೆ. “ಘಮ ಅವರ್ದು, ಮಸಿ ನಮ್ದು” ಎಂದು ಪಕ್ಕದ ಮನೆಯ ದೊಡ್ಡವ್ವ ನಗುತ್ತಿದ್ದಳು.

ನಾನು ಹೊಸೆದ ಬತ್ತಿ ಮಾತ್ರ ಹಾವಿನ ಹಾಗೆ ಸೊಟ್ಟ. ಅವ್ವ ಎಷ್ಟು ಹೇಳಿಕೊಟ್ಟರೂ ಅಷ್ಟೇ. ಕೊನೆಗೆ ಹೈಸ್ಕೂಲಿನಲ್ಲಿದ್ದ ಅಕ್ಕ, “ಇವಳ ಕೈಗೆ ಹಿಟ್ಟು ಕೊಡ್ಬೇಡವ್ವ, ಪುಸ್ತಕ ಕೊಡು” ಅಂದಳು. ಅಕ್ಕನ ಹೆಸರಿನಲ್ಲಿ ಲೈಬ್ರರಿಯ ಕಾರ್ಡ್ ಇತ್ತು. ಅವಳು ಪುಸ್ತಕ ತರುವುದು, ನಾನು ಗಟ್ಟಿಯಾಗಿ ಓದುವುದು. ಪುಟ ತಿರುಗಿಸಬೇಕಲ್ಲ, ಅದಕ್ಕೇ ನನ್ನ ಕೈ ಚೊಕ್ಕಟ. ನಾನೂ ಕೂತು ಹೊಸೆದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಉಳಿದವರು ತುಂಬಿಕೊಡುತ್ತಿದ್ದರು. ಸಂಜೆ ಏಳುವಾಗ ಪ್ರತಿಯೊಬ್ಬಳೂ ತಾನು ಹೊಸೆದದ್ದರಲ್ಲಿ ಒಂದು ಹಿಡಿ ಬತ್ತಿಯನ್ನು ಅವ್ವನ ಮೊರಕ್ಕೆ ಹಾಕಿ ಹೋಗುತ್ತಿದ್ದಳು. ಅದಕ್ಕೆ ‘ಓದೋಳ ಹಿಡಿ’ ಅಂತ ಹೆಸರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಮರೆಯುತ್ತಿರಲಿಲ್ಲ.

ಒಂದು ಸಲ ಬೇಸಿಗೆ ರಜೆಯಲ್ಲಿ ಅಕ್ಕ ಪದ್ಯದ ಪುಸ್ತಕ ತಂದಳು. ಅದರಲ್ಲೊಂದು ಮೋಡದ ಪದ್ಯ.

ಮೋಡವೆ ಮೋಡವೆ ಬೆಟ್ಟದ ಮೋಡವೆ
ಮಣೆಯನು ಹಾಕಿಹೆ ಬಾ ಕೂರು
ದೂರದ ದಾರಿಯ ನಡೆದಿಹೆ ನೀನು
ಕುಡಿಯಲು ಕೊಡುವೆನು ಸವಿನೀರು

“ಮೋಡಕ್ಕೇ ನೀರು ಕೊಡ್ತಾನಂತೆ! ನಮ್ ನಲ್ಲೀಲಿ ತೊಟ್ಟು ಬರಾಕಿಲ್ಲ, ಇವನ ಜಂಬ ನೋಡ್ರವ್ವ” ಎಂದು ದೊಡ್ಡವ್ವ ಅಂದಳು. ಎಲ್ಲರೂ ನಕ್ಕರು. ಆದರೆ ಮೂರನೇ ಸಲ ಓದುವ ಹೊತ್ತಿಗೆ ಅಂಗೈಗಳೆಲ್ಲ ಪದ್ಯದ ಲಯಕ್ಕೇ ಉಜ್ಜುತ್ತಿದ್ದವು. ಮೋಡವೆ, ಸರ್ರ್. ಮೋಡವೆ, ಸರ್ರ್.

ಪದ್ಯದ ಉಳಿದ ಭಾಗ ಮುಂದಿನ ಪುಟದಲ್ಲಿತ್ತು. ಎಡವಟ್ಟಾದದ್ದು ಅದನ್ನು ಓದುವ ಮೊದಲು ನಾನು ನೀರು ಕುಡಿಯಲು ಒಳಗೆ ಹೋದಾಗ. ದೊಡ್ಡವ್ವನಿಗೆ ಅಕ್ಷರ ಬಾರದು. ಆದರೂ ಮೋಡ ಕೊನೆಗೆ ಇಳಿದು ಬಂತೋ ಇಲ್ಲವೋ ಎಂದು ತಿಳಿಯದೆ ಅವಳಿಗೆ ತಡೆಯಲಾಗಲಿಲ್ಲ. ಚಿತ್ರವಾದರೂ ಇರಬಹುದು ಎಂದು ಪುಟ ತಿರುಗಿಸಿದಳು. ಪುಟದ ನಡುವೆ ಅಚ್ಚುಕಟ್ಟಾಗಿ ಒಂದು ಕಪ್ಪು ಹೆಬ್ಬೆಟ್ಟು! ಸೆರಗಿನಿಂದ ಒರೆಸಿದಳು, ಮಸಿ ಅರ್ಧ ಪುಟಕ್ಕೆ ಹರಡಿತು. ಗಾಬರಿಯಲ್ಲಿ ಅಕ್ಕ ಪುಸ್ತಕ ಮುಚ್ಚಿಟ್ಟುಬಿಟ್ಟಳು. ಅಷ್ಟು ವರ್ಷ ಅವಳ ಹೆಬ್ಬೆಟ್ಟು ಯಾವ್ಯಾವುದೋ ಅರ್ಥವಾಗದ ಕಾಗದಕ್ಕೆ ಬಿದ್ದಿತ್ತು. ಅವತ್ತು ಒಂದು ಪದ್ಯಕ್ಕೆ ಬಿತ್ತು. ಅದನ್ನು ತಪ್ಪು ಅಂತ ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕ, ನಾನು ಪುಸ್ತಕ ಹಿಂದಿರುಗಿಸಲು ಹೋದೆವು. ಲೈಬ್ರರಿಯ ಸಾರ್ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಪುಟ ಎತ್ತಿ ನೋಡಿದರು.

“ಏನಮ್ಮ ಇದು, ಪುಸ್ತಕಾನಾ ಇದ್ದಿಲು ಮೂಟೇನಾ? ಇನ್ಮೇಲೆ ನಿಮ್ಮನೆಗೆ ಒಂದು ಪುಸ್ತಕಾನೂ ಕೊಡಲ್ಲ. ಓದ್ಬೇಕು ಅಂದ್ರೆ ಇಲ್ಲೇ ಬಂದು ಕೂತು ಓದಿ.”

ನಾನು ಅಳತೊಡಗಿದೆ. ಪುಸ್ತಕವಿಲ್ಲದೆ ನಾನು ಜಗಲಿಯ ಮೇಲೆ ಏನು ಮಾಡಲಿ? ಸೊಟ್ಟ ಬತ್ತಿ ಹೊಸೆಯಲೇ? ಅಕ್ಕ ಮಾತ್ರ ಅಳಲಿಲ್ಲ. ಮೆತ್ತಗೆ ಕೇಳಿದಳು, “ಯಾರು ಬೇಕಾದ್ರೂ ಬಂದು ಕೂರಬಹುದಾ ಸಾರ್?”

“ಸಾರ್ವಜನಿಕರಿಗೆ ಅಂತ ಬೋರ್ಡ್ ಹಾಕಿಲ್ವಾ? ಯಾರು ಬೇಕಾದ್ರೂ ಬರ್ಬೌದು.”

ಅಕ್ಕ ದಾರಿಯುದ್ದಕ್ಕೂ ನಗುತ್ತಲೇ ಮನೆಗೆ ಬಂದಳು. ನಡೆದದ್ದನ್ನು ಜಗಲಿಯಲ್ಲಿ ಹೇಳಿದಾಗ ದೊಡ್ಡವ್ವ ಎದ್ದು ನಿಂತು ಸೆರಗು ಸಿಕ್ಕಿಸಿದಳು. “ಪುಸ್ತಕ ನಮ್ಮನೇಗೆ ಬರಾಕಿಲ್ವಾ? ಅಂಗಾರೆ ನಾವೇ ಓಗ್ಬುಡಾಣ ಏಳ್ರವ್ವ!”

“ನಿಮಗೆಲ್ಲ ತಲೆ ಕೆಟ್ಟಿದೆ ಕಣ್ರೀ” ಎಂದು ಬೈಯುತ್ತಲೇ ಅಪ್ಪ ಮಣೆಗಳನ್ನೆಲ್ಲ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು. ಹಿಟ್ಟಿನ ಬೋಗುಣಿ ಅವ್ವನ ತಲೆಯ ಮೇಲೆ, ಕಡ್ಡಿಯ ಕಟ್ಟುಗಳು ಒಬ್ಬೊಬ್ಬರ ಕಂಕುಳಲ್ಲಿ. ಮಧ್ಯಾಹ್ನದ ಬಿಸಿಲಿನಲ್ಲಿ ನಾವು ಸಾಲಾಗಿ ನಡೆದೆವು. ಮುಂದೆ ನಾನು, ಎರಡು ಸಲ ಸೋಪು ಹಾಕಿ ಕೈ ತೊಳೆದುಕೊಂಡು!

ಲೈಬ್ರರಿಯ ಮುಂದೆ ಒಂದು ಸಣ್ಣ ವರಾಂಡ. ಅಲ್ಲೇ ಎಲ್ಲರೂ ಮಣೆ ಹಾಕಿ ಕೂತು ಹೊಸೆಯಲು ಶುರು ಮಾಡಿದರು. ನಾನು ಒಳಗೆ ಹೋಗಿ ಸಾರ್‌ಗೆ ಎರಡೂ ಅಂಗೈ ತೋರಿಸಿ ಅದೇ ಪದ್ಯದ ಪುಸ್ತಕ ಕೇಳಿದೆ. ತಾವೇ ಹೇಳಿದ ಮಾತು, ಕೊಡದೆ ವಿಧಿಯಿರಲಿಲ್ಲ. ವರಾಂಡದ ಕಡೆಯ ಕಿಟಕಿಯ ಹತ್ತಿರ ನಿಂತು ಪುಸ್ತಕ ತೆರೆದೆ. ನನ್ನ ತಲೆಯ ಮೇಲೆ ‘ಮೌನವಾಗಿರಿ’ ಎನ್ನುವ ಬೋರ್ಡು.

ಮೊದಲ ಸಾಲು ಓದಿದೆನೋ ಇಲ್ಲವೋ, ಸಾರ್ ಮರದ ಸ್ಕೇಲಿನಿಂದ ಮೇಜಿಗೆ ಹೊಡೆದರು. “ಸದ್ದು ಮಾಡಂಗಿಲ್ಲ! ಮನಸ್ಸಲ್ಲೇ ಓದ್ಕೋ.”

ಹೊರಗೆ ಅಂಗೈಗಳು ನಿಂತುಬಿಟ್ಟವು. ಎಲ್ಲರೂ ಕಿಟಕಿಯತ್ತ ನೋಡುತ್ತಿದ್ದರು. ಅಲ್ಲಿಂದ ಓಡಿಹೋಗಬಹುದಿತ್ತು. ಆದರೆ ದಿನಾ ನನಗಾಗಿ ಒಂದೊಂದು ಹಿಡಿ ಎತ್ತಿಟ್ಟವರು ಅವರು!

“ಮನಸ್ಸಲ್ಲಿ ಓದಿದ್ರೆ ಅವರಿಗೆ ಕೇಳಲ್ಲ ಸಾರ್” ಅಂದೆ. ಅಂದು, ಇನ್ನೂ ಜೋರಾಗಿ ಓದಿದೆ. “ಮೋಡವೆ ಮೋಡವೆ ಬೆಟ್ಟದ ಮೋಡವೆ...”

ಸಾರ್ ಎದ್ದು ಬಂದು ಪುಸ್ತಕ ಕಿತ್ತುಕೊಂಡರು. ಕಿತ್ತುಕೊಂಡರೆ ಏನಾಯಿತು? “ಮಣೆಯನು ಹಾಕಿಹೆ ಬಾ ಕೂರು” ಅಂತ ಹೊರಗಿನಿಂದ ದೊಡ್ಡವ್ವನ ದನಿ. ಆಮೇಲೆ ಅವ್ವ. ಆಮೇಲೆ ಎಲ್ಲರೂ. ಒಂದಕ್ಷರ ಬಾರದವರು ಒಂದಕ್ಷರ ತಪ್ಪದೆ ಹೇಳಿದರು, ಮಣೆಯ ಮೇಲೆ ಅಂಗೈ ಉಜ್ಜುತ್ತಾ. ಸಾರ್ ಬಾಗಿಲಿಗೆ ಬಂದಾಗ ಅಕ್ಕ ತಲೆಯೆತ್ತಿ, “ವರಾಂಡದಲ್ಲಿ ಬೋರ್ಡ್ ಇಲ್ವಲ್ಲ ಸಾರ್?” ಅಂದಳು.

ಒಳಗೆ ಪೇಪರ್ ಓದುತ್ತಿದ್ದ ಒಬ್ಬ ಮುದುಕರು ಕನ್ನಡಕ ತೆಗೆದು ನಕ್ಕುಬಿಟ್ಟರು. “ಬುಡಿ ಸಾರ್, ಈ ಪೇಪರ್‌ನಾಗೆ ಏನೈತೆ? ಮಗಾ, ಆಮೇಲೆ ಮೋಡ ಬಂತಾ?”

ಅದೇ ಅಲ್ಲವೇ ಎಲ್ಲರ ಪ್ರಶ್ನೆ! ಸಾರ್ ಬಾಗಿಲಿನಿಂದ ತಿರುಗಿ ಒಳಗೆ ಬಂದರು. ಆಮೇಲೆ ಆ ಮಸಿಯಾದ ಪುಟವನ್ನು ತಮ್ಮ ಕೈಯಾರೆ ಬಿಡಿಸಿ ನನ್ನ ಮುಂದೆ ಇಟ್ಟರು. ಹೆಬ್ಬೆಟ್ಟಿನ ಕೆಳಗೆ ಅಕ್ಷರ ಮಂಕಾಗಿ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿ ಓದಿದೆ. ಮೋಡ ಬಂದಿತ್ತು. ದೊಡ್ಡವ್ವ ಹೊರಗಿನಿಂದಲೇ ಕೂಗಿದಳು, “ನಾನ್ ಏಳ್ಲಿಲ್ವಾ, ಬತ್ತದೆ ಅಂತ!”

ಮಾರನೆಯ ದಿನ ಹೋದಾಗ ಕಿಟಕಿಯ ಪಕ್ಕ ಒಂದು ಕುರ್ಚಿ ಇತ್ತು. “ಕೈ ತೋರ್ಸು” ಅಂದರು ಸಾರ್, ಅಷ್ಟೇ.

ಐದನೇ ಕ್ಲಾಸಿಗೆ ನನ್ನ ಸ್ಕೂಲು ಮುಗಿಯಿತು. ಆ ಕಿಟಕಿ ಮಾತ್ರ ನನ್ನನ್ನು ಬಿಡಲಿಲ್ಲ. ಈಗ ನೋಡಿ, ಬತ್ತಿ ಹೊಸೆಯುವುದಕ್ಕೂ ಮೆಷಿನ್ ಬಂದಿದೆ, ಕಥೆ ಓದುವುದಕ್ಕೂ ನಿಮ್ಮ ಫೋನ್ ಇದೆ. ಅದು ತಡವರಿಸುವುದಿಲ್ಲ, ದಣಿಯುವುದಿಲ್ಲ. ಇರಲಿ. ಆದರೆ ಅದಕ್ಕಾಗಿ ಯಾರೂ ಒಂದು ಹಿಡಿ ಎತ್ತಿಡುವುದಿಲ್ಲ. ನಮ್ಮ ಮನೆಯಲ್ಲಿ ಅವರೆಕಾಯಿ ಬಿಡಿಸುವ ಹೊತ್ತಿಗೆ ಫೋನು ಕಪಾಟಿನೊಳಗೆ, ಪುಸ್ತಕ ನಿಮ್ಮಲ್ಲೊಬ್ಬರ ಕೈಯಲ್ಲಿ. ಯಾರು ಏನಾದರೂ ಅಂದುಕೊಳ್ಳಲಿ, ಅದು ಹಾಗೇ.

ಏನೇ ಮೊಮ್ಮಗಳೇ, “ನಾನು ಓದಿದ್ರೆ ತಪ್ಪಾಗುತ್ತೆ ಅಜ್ಜಿ” ಅಂತೀಯಾ? ಆಗಲಿ ಕಣೇ. ಬೆಂದ ಕಾಳಿನಲ್ಲಿ ಮೊದಲ ಹಿಡಿ ನಿನ್ನದೇ. ಎಲ್ಲಿ, ಕೈ ತೋರಿಸು. ಹೂಂ, ಚೊಕ್ಕಟವಾಗಿದೆ. ಆ ಕಿಟಕಿ ಪೂರ್ತಿ ತೆಗೆ, ಬೀದಿಗೂ ಕೇಳಲಿ. ಓದು.